ಮುನಿಯಪ್ಪ ತಂದ ಒಪ್ಪಂದ

ಚಿನ್ನದ ಗಣಿಯಲ್ಲಿ ದುಡಿದ ಮುನಿಯಪ್ಪನಿಗೆ, ಕೋರಮಂಡಲ್ ಲೈನಿನಲ್ಲಿ ಗಣಿ ಕಂಪನಿ ಕೊಟ್ಟಿದ್ದ ಮನೆಯನ್ನು ಏಳು ದಿನದಲ್ಲಿ ಖಾಲಿ ಮಾಡಬೇಕೆಂದು ನೋಟೀಸು ಬಂದಿತ್ತು. ನಾನು ಅವನ ವಕೀಲ. ಮನೆಯ ಕಾಗದ ತಾ ಎಂದು ಮೂರು ಸಲ ಹೇಳಿದ್ದೆ. ಬಂಗಾರಪೇಟೆ ಕೋರ್ಟಿಗೆ ಅವನು ತಂದದ್ದು ವಸತಿ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದದ ಜೆರಾಕ್ಸ್.

“ನಮ್ ದೇಸಾನೂ ಸೈನ್ ಆಕೈತೆ ಸಾರ್. ಇದ್ನೇ ತೋರ್ಸಿ.”

“ಸಹಿ ಸಾಲದಯ್ಯಾ. ಪಾರ್ಲಿಮೆಂಟ್ ಕಾನೂನು ಮಾಡಬೇಕು. ಆಗಿರೋದು ನಿಶ್ಚಿತಾರ್ಥ, ಮದುವೆಯಲ್ಲ.”

“ನಿಶ್ಚಿತಾರ್ಥ ಆದ್ಮೇಲೆ ಬೀಗರ ಮಾನ ತೆಗೀಬೋದಾ ಸಾರ್?”

ನನಗೆ ರೇಗಿತು. ಅಷ್ಟರಲ್ಲಿ ನಮ್ಮ ಕೇಸು ಕೂಗಿದರು.

ಮನೆ ಖಾಲಿ ಮಾಡಿಸುವ ನಮ್ಮ ಕಾಯ್ದೆ ‘ಸೂಕ್ತ ಕಾಲಾವಕಾಶ ಕೊಡಬೇಕು’ ಎನ್ನುತ್ತದೆ, ಎಷ್ಟು ದಿನ ಎನ್ನುವುದಿಲ್ಲ. ಏಳು ದಿನ ಏಕೆ ಸಾಲದು ಎಂದು ನ್ಯಾಯಾಧೀಶರು ಕೇಳಿದರು. ನಾನು ಇಂಗ್ಲಿಷಿನಲ್ಲಿ ವಾದಿಸಿದೆ: ಕಾನೂನು ಸ್ಪಷ್ಟವಿಲ್ಲದ ಕಡೆ, ದೇಶ ಹೊರಗೆ ಕೊಟ್ಟ ಮಾತಿಗೆ ವಿರುದ್ಧವಾಗದಂತೆ ಅದನ್ನು ಅರ್ಥೈಸಬೇಕು. ಅವರು ಒಪ್ಪಿ, ನೋಟೀಸಿಗೆ ತಡೆ ಕೊಟ್ಟರು.

ಹೊರಗೆ ಬಂದು ಮುನಿಯಪ್ಪ ಕಣ್ಣೊರೆಸಿಕೊಂಡ. “ಒಳ್ಗೆ ಅಷ್ಟೊತ್ತು ಇಂಗ್ಲಿಸ್ನಾಗೆ ಏನೇಳಿದ್ರಿ ಸಾರ್?”

ಅವನ ಬೀಗರ ಮಾತನ್ನೇ ಹೇಳಿದೆ ಎನ್ನಲು ನನಗೆ ಬಾಯಿ ಬರಲಿಲ್ಲ.

“ಕಾನೂನು” ಎಂದೆ.