ತಳ್ಳಿ ಹೋದ, ತಳ್ಳಿಕೊಂಡು ಹೋದ

ಗೋವಿಂದಪ್ಪನವರೇ, ನೀವು ತಪ್ಪು ಬರೆದಿರಲಿಲ್ಲ. ನಾನು ಬಾಯಿಬಿಟ್ಟು ಹೇಳಿದ್ದನ್ನೇ ಬರೆದಿದ್ದಿರಿ. ಆಮೇಲೆ ಸ್ಟೇಷನ್ನಿಗೆ ಬಂದು, ನಿಮ್ಮೆದುರೇ ನಿಂತು, ನೀವು ತಪ್ಪಾಗಿ ಕೇಳಿಸಿಕೊಂಡಿರೆಂದು ಸುಳ್ಳು ಹೇಳಿದವಳು ನಾನು.

ಎಪ್ಪತ್ತರ ದಶಕದ ಕೊನೆ. ನಾನಾಗ ಕಾಲೇಜು ಹುಡುಗಿ. ವೈಯಾಲಿಕಾವಲಿನ ನಮ್ಮ ಮನೆಯಲ್ಲಿ ಬೆಳಗಿನ ನಲ್ಲಿ ನೀರಿಗಾಗಿ ನಮ್ಮಣ್ಣನಿಗೂ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಟೈಲರ್ ಬಾಬಣ್ಣನಿಗೂ ಜಗಳ ಹತ್ತಿತು. ಅಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ಬಾಬಣ್ಣನ ಎದೆಗೆ ಕೈಹಾಕಿ ತಳ್ಳಿದ. ಅವನು ನಲ್ಲಿಕಟ್ಟೆಯ ಮೇಲೆ ಬಿದ್ದು ಹುಬ್ಬು ಒಡೆದುಕೊಂಡ. ಅಣ್ಣ ತಿರುಗಿಯೂ ನೋಡದೆ ಸೈಕಲ್ ಹಿಡಿದು ಹೊರಟೇಹೋದ. ಆಸ್ಪತ್ರೆಯವರು ಪೊಲೀಸಿಗೆ ತಿಳಿಸಿದರು, ಹೇಳಿಕೆ ಬರೆದುಕೊಳ್ಳಲು ನೀವು ಬಂದಿರಿ.

ನಿಮ್ಮ ಟೋಪಿ ಕಂಡದ್ದೇ ಮನೆಯವರೆಲ್ಲ ಒಳಗೆ ಸೇರಿಕೊಂಡರು. ನನಗೋ, ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ. ಪೊಲೀಸರು ನಾವಾಡಿದ ಮಾತನ್ನೇ ಬರೆಯುತ್ತಾರಾ, ಇಲ್ಲ ಅವರದೇ ಬೇರೆ ಭಾಷೆಯಿದೆಯಾ — ನೋಡಬೇಕಿತ್ತು. ನಿಮ್ಮ ಪೆನ್ನಿನ ತುದಿಯನ್ನೇ ನೋಡುತ್ತ, ತಿದ್ದಿ ತೀಡಿ ಹೇಳಿದೆ: "ನಮ್ಮಣ್ಣ ತಳ್ಳಿ ಹೋದ ಸಾರ್." ನೀವು ಅದನ್ನೇ ಬರೆದು ಓದಿ ಹೇಳಿದಿರಿ. ನನ್ನ ಮಾತು ಅಷ್ಟು ಗಂಭೀರವಾಗಿ ಕೇಳಿಸಿತಲ್ಲ ಅಂತ ನನಗೆ ಖುಷಿಯೇ ಆಯಿತು.

ಬಾಬಣ್ಣ ಬೇಗ ರಾಜಿಯಾದ. ಅಣ್ಣ ಹೋಗಿ ಕೈಮುಗಿದಾಗ, "ಹೋಗ್ಲಿ ಬಿಡಪ್ಪ, ಒಂದೇ ಕಾಂಪೌಂಡಲ್ಲಿರೋರು" ಅಂದ. ಜಾರಿ ಬಿದ್ದೆ ಅಂತ ಹೇಳಲೂ ಒಪ್ಪಿದ. ಆದರೆ ನನ್ನ ಹೇಳಿಕೆ ಉಳಿದಿತ್ತಲ್ಲ — ಅಣ್ಣನಿಗೆ ಸರ್ಕಾರಿ ಕೆಲಸ ಸಿಗುವುದರಲ್ಲಿತ್ತು, ಅದಕ್ಕೆ ಮೊದಲು ಅವನ ನಡತೆಯ ಬಗ್ಗೆ ಪೊಲೀಸ್ ವಿಚಾರಣೆ ಆಗಬೇಕಿತ್ತು. ಅಪ್ಪನೇ ದಾರಿ ಹುಡುಕಿದರು. "ಒಂದು 'ಕೊಂಡು' ಸೇರಿಸಿದ್ರೆ ಮುಗೀತಲ್ಲಮ್ಮ! ಸೈಕಲ್ ತಳ್ಳಿಕೊಂಡು ಹೋದ ಅಂದಿದ್ದೆ, ಅವರು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ ಅನ್ನು."

ಸ್ಟೇಷನ್ನಿನಲ್ಲಿ ಹಾಗೇ ಹೇಳಿದೆ. ಇನ್ಸ್‌ಪೆಕ್ಟರು ಎಲ್ಲರೆದುರು ನಿಮ್ಮನ್ನು ಕರೆದು, "ಏನ್ರೀ, ಕನ್ನಡ ಬರಲ್ವಾ ನಿಮ್ಗೆ? ಒಬ್ಬ ಹುಡುಗನ ಜೀವನ ಹಾಳ್ಮಾಡ್ತಿದ್ರಲ್ರೀ!" ಅಂತ ರೇಗಿದರು. ನೀವು ನನ್ನ ಕಡೆ ತಿರುಗಿದಿರಿ. "ಹೌದೇನಮ್ಮಾ? ತಳ್ಳಿಕೊಂಡು ಅಂದಿದ್ರಾ?"

"ಹೂಂ ಸಾರ್."

ಪೊಲೀಸ್ ಬರವಣಿಗೆಯನ್ನು ರಬ್ಬರ್ ಹಾಕಿ ಅಳಿಸುತ್ತಾರೇನೋ ಅಂದುಕೊಂಡಿದ್ದೆ. ಇಲ್ಲ, ಅಳಿಸುವುದಿಲ್ಲ. ಹೊಸ ಹೇಳಿಕೆ ಬರೆದು, ಮೊದಲು ಬರೆದುಕೊಂಡದ್ದರಲ್ಲಿ ತಪ್ಪಾಗಿದೆ ಎಂಬ ಸಾಲು ಸೇರಿಸುತ್ತಾರೆ. ಆ ಸಾಲನ್ನು ನಿಮ್ಮ ಕೈಯಲ್ಲೇ ಬರೆಸಿದರು. ಆಗಲೂ ನಾನು ಕತ್ತು ಚಾಚಿ ನೋಡುತ್ತಿದ್ದೆ, ನಾಚಿಕೆಗೆಟ್ಟವಳು. ನಿಮ್ಮನ್ನು ಬರವಣಿಗೆ ಕೆಲಸದಿಂದ ತೆಗೆದು, ಬೀದಿ ಸುತ್ತುವ ಬೀಟಿಗೆ ಹಾಕಿದರೆಂದು ಆಮೇಲೆ ತಿಳಿಯಿತು. ಅಣ್ಣನಿಗೆ ಕೆಲಸವಾಯಿತು.

ಒಂದೇ ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು. ನೀವು ಯಾಕೆ ಎದುರಾಡಲಿಲ್ಲ? ಸಾಹೇಬರಿಗೆ ಹೆದರಿದಿರಾ? ನನ್ನ ಮೇಲೆ ಕನಿಕರವಾ? ಅಥವಾ — ನಾನು ಸುಳ್ಳಿಯೆಂದು ಗೊತ್ತಿದ್ದೂ ಸುಮ್ಮನಾದಿರಾ?

ಕೆಲವು ವರ್ಷಗಳ ಮೇಲೆ ವಿಶ್ವೇಶ್ವರಪುರಂನಲ್ಲಿ ಅಂಗಡಿಯೊಂದರ ಮುಂದೆ ಬಿಸಿ ಹೋಳಿಗೆ ತಿನ್ನುತ್ತ ನಿಂತಿದ್ದೆ. ನೀವು ಎದುರಿಗೆ ಬಂದಿರಿ; ನಾನು ಮುಖ ತಿರುಗಿಸಿಕೊಳ್ಳುವ ಮೊದಲೇ ಗುರುತು ಹಿಡಿದಿರಿ.

"ಅಣ್ಣ ಕೆಲಸದಲ್ಲಿದಾರಾಮ್ಮಾ? ಸದ್ಯ! ಅವತ್ತು ನನ್ನ ಕಿವೀನೇ ನಂಗೆ ಮೋಸ ಮಾಡ್ಬಿಡ್ತು ನೋಡಿ. ಆಮೇಲಿಂದ ಯಾರೇನು ಹೇಳಿದ್ರೂ ಎರಡೆರಡು ಸಲ ಕೇಳ್ತೀನಿ, ಮನೇಲೆಲ್ಲ ನಗ್ತಾರೆ. ನನ್ನಿಂದ ನಿಮಗೆಲ್ಲ ತೊಂದ್ರೆ ಆಯ್ತು. ತಪ್ಪು ತಿಳೀಬೇಡಿ."

ಅಯ್ಯೋ ದೇವರೇ — ನೀವು ನನ್ನನ್ನು ನಂಬಿಬಿಟ್ಟಿದ್ದಿರಿ! ಅಷ್ಟೇ ಆಗಿತ್ತು. ನನ್ನ ಒಂದು 'ಹೂಂ' ನಂಬಿ, ಚೆನ್ನಾಗಿದ್ದ ನಿಮ್ಮ ಕಿವಿಯನ್ನು ಅನುಮಾನಿಸುತ್ತ ಬದುಕಿದ್ದಿರಿ. ಆಗಲಾದರೂ ಹೇಳಬಹುದಿತ್ತು. ಅಣ್ಣನ ಕೆಲಸಕ್ಕೆ ಇನ್ನೇನೂ ಆಗುತ್ತಿರಲಿಲ್ಲ. ಹೋಗುವುದಾಗಿದ್ದರೆ ನನ್ನ ಮಾನ ಹೋಗುತ್ತಿತ್ತು, ಅಷ್ಟೆ. ಬಾಯಿ ತೆರೆದೆ. ಬಂದದ್ದು —

"ಪರವಾಗಿಲ್ಲ ಬಿಡಿ ಸಾರ್. ನಾವದನ್ನ ಮನಸ್ಸಲ್ಲಿಟ್ಕೊಂಡಿಲ್ಲ."

ನಿಮ್ಮ ಮುಖ ಅರಳಿತು. ಎಷ್ಟೋ ದಿನದ ಭಾರ ಇಳಿಯಿತು ಅನ್ನುವಂತೆ ನನಗೆ ಕೈಮುಗಿದು, ಜನರ ನಡುವೆ ಹೊರಟುಹೋದಿರಿ.