ಬಾಷಾ ಮೇಷ್ಟ್ರ ಮೂರು 'ಅಂತ'

ಬಾಷಾ ಮೇಷ್ಟ್ರು ಓದಿ ಮುಗಿಸಿದ ಪತ್ರಿಕೆ ಮೈತುಂಬ ದಡಾರ ಎದ್ದಂತೆ ಕಾಣುತ್ತಿತ್ತು. ಅವರ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ಸಿಲ್ ಇರುತ್ತಿತ್ತು. ಸುದ್ದಿಯಲ್ಲಿ ಎಲ್ಲಿ 'ಎಂದು ತಿಳಿದುಬಂದಿದೆ' ಎಂದು ಕಂಡರೂ ಅದಕ್ಕೊಂದು ಸುತ್ತು. 'ಎಂದು ನಂಬಲಾಗಿದೆ' ಎಂದಿದ್ದರೆ ಎರಡು ಸುತ್ತು. ದಿಲ್ಲಿಯವರು ಪರದೇಶದವರ ಜೊತೆ ಮಾತುಕತೆ ನಡೆಸಿದ ದಿನವಂತೂ ಮೊದಲ ಪುಟದಲ್ಲಿ ಬಿಳಿ ಜಾಗವೇ ಉಳಿಯುತ್ತಿರಲಿಲ್ಲ. "ತಿಳದು ಬಂತಂತ. ಎಲ್ಲಿಂದ ಬಂತು? ಯಾರ ಕೈಯಾಗ ಕಳಿಸಿದ್ರು? ಬಸ್ಸಿಗೆ ಬಂತೋ, ನಡಕೋತ ಬಂತೋ?" ಎಂದು ಎದುರಿಗೆ ಕೂತವರನ್ನು ಬಿಟ್ಟು ಪತ್ರಿಕೆಯನ್ನೇ ಕೇಳುತ್ತಿದ್ದರು.

ಪೂರ್ತಿ ಹೆಸರು ಖಾದರ್ ಬಾಷಾ. ಕುರುಗೋಡಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದರು. ಆ ಶಾಲೆ ಈಗಿಲ್ಲ. ಹೊಸಬರು 'ಭಾಷಾ ಮೇಷ್ಟ್ರು' ಎಂದು ತಪ್ಪು ತಿಳಿದು ಸಂಧಿ ಸಮಾಸದ ಸಂದೇಹ ಹಿಡಿದುಕೊಂಡು ಅವರ ಮನೆಗೆ ಹೋಗುತ್ತಿದ್ದರು. ಅವರು ನಾನಲ್ಲ ಎನ್ನದೆ ಅದನ್ನೂ ಬಿಡಿಸಿಕೊಟ್ಟು ಕಳಿಸುತ್ತಿದ್ದರು. ಆಳು ಎತ್ತರ, ಮೈಯಲ್ಲಿ ಮಾಂಸ ಕಡಿಮೆ. ತೋಳು ಮಡಚಿದ ಖಾದಿ ಅಂಗಿ, ಬಿಳಿ ಪೈಜಾಮ. ಮಾತು ಮಾತ್ರ ಅಪ್ಪಟ ಕುರುಗೋಡು ಸೀಮೆಯದು. ಅದಕ್ಕೆ ಅಂಗಿಯಂತೆ ಇಸ್ತ್ರಿ ಹಾಕುವ ಅಭ್ಯಾಸ ಅವರಿಗಿರಲಿಲ್ಲ.

ನನಗೆ ಅವರ ಪರಿಚಯವಾದದ್ದು ಒಂದು ಸುಳ್ಳಿನಿಂದ. ಬಳ್ಳಾರಿಯ ಬ್ರೂಸ್‌ಪೇಟೆಯ ಗಲ್ಲಿಯೊಂದರಲ್ಲಿ ಅಪ್ಪನ ಸಣ್ಣ ಪ್ರೆಸ್ಸು ಇತ್ತು. ಲಗ್ನಪತ್ರಿಕೆ, ಅಂಗಡಿಗಳ ಬಿಲ್ ಪುಸ್ತಕ, ಅದರ ಜೊತೆ ಶುಕ್ರವಾರಕ್ಕೊಂದು ನಾಲ್ಕು ಪುಟದ ವಾರಪತ್ರಿಕೆ. ಬಿ.ಎ. ಮುಗಿಸಿದ ನಾನು ಗಾಂಧಿನಗರದ ಮನೆಯಲ್ಲಿ ಗಂಡಿನ ಕಡೆಯವರ ದಾರಿ ನೋಡುತ್ತ ಕೂರಲಾರೆನೆಂದು ಹಟ ಮಾಡಿ ಪ್ರೆಸ್ಸಿಗೆ ಬರತೊಡಗಿದ್ದೆ. ಮೊದಲ ಮಳೆಗಾಲದಲ್ಲೇ ಒಂದು ದೊಡ್ಡ ಸುದ್ದಿ ಸಿಕ್ಕಿತು. ಮೋಕದ ಕಡೆ ಹಳ್ಳದ ಸೇತುವೆ ಬಿತ್ತಂತೆ ಎಂದು ಬಸ್ಸಿನಲ್ಲಿ ಯಾರೋ ಅಂದರು. ನಾನು 'ಸೇತುವೆ ಕುಸಿದಿರುವುದಾಗಿ ತಿಳಿದುಬಂದಿದೆ' ಎಂದು ಬರೆದೆ. ಅಚ್ಚಾದ ಎರಡನೇ ದಿನ ಪ್ರೆಸ್ಸಿನ ಬಾಗಿಲಲ್ಲಿ ಸೈಕಲ್ಲು ನಿಲ್ಲಿಸಿ ಬಾಷಾ ಮೇಷ್ಟ್ರು ಒಳಗೆ ಬಂದರು.

"ಯಾರವ್ವ ಈ ಸೇತುವಿ ಬೀಳಿಸಿದಾವ್ರು?" ಎಂದರು.

ನಾನು ಎದ್ದು ನಿಂತೆ.

"ಬಿದ್ದ ಸೇತುವಿ ಮ್ಯಾಲೆ ನಿಂತು ಚಾ ಕುಡದು ಬಂದೀನಿ. ಗಟ್ಟಿ ಐತಿ. ನೀವೂ ಒಂದ್ ಸಲ ಹೋಗಿ ನಿಂದ್ರಬೇಕಿತ್ತು."

ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಅಪ್ಪನಿಗೆ ನನಗಿಂತ ಹೆಚ್ಚು ಅವಮಾನವಾಯಿತು. ಮರುದಿನವೇ ಒಂದು ರಟ್ಟಿನ ಮೇಲೆ 'ಇಲ್ಲಿ ಅಂತೆ ಕಂತೆ ನಡೆಯುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ಕಂಪೋಸಿಂಗ್ ಮೇಜಿನ ಮೇಲಿನ ಗೋಡೆಗೆ ಹೊಡೆದರು. ಅಂದಿನಿಂದ ನಮ್ಮ ಪತ್ರಿಕೆಗೆ ಬರುವ ಬರಹದಲ್ಲಿ ಎಲ್ಲಿ 'ಅಂತೆ', ನಮ್ಮ ಸೀಮೆಯ ಬಾಯಲ್ಲಿ 'ಅಂತ', ಸಿಕ್ಕರೂ ಅಕ್ಕಿಯೊಳಗಿನ ಕಲ್ಲು ಆರಿಸಿದ ಹಾಗೆ ತೆಗೆದು ಎಸೆಯುವುದು ನನ್ನ ಕೆಲಸವಾಯಿತು. ಈ ರಟ್ಟು ಮುಂದೆ ಏನು ಮಾಡಲಿದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ತಪ್ಪು ಹಿಡಿಯಲು ಬಂದವರು ಕೊನೆಗೆ ನಮ್ಮವರೇ ಆಗಿಬಿಟ್ಟರು. ಎಲ್ಲರೂ ಹೌದೆಂದದ್ದಕ್ಕೆ ಅಲ್ಲವೆನ್ನುವ ತಿಳಿದವರನ್ನು ಹುಡುಕಿ ಮಾತಾಡಿಸು ಎಂದು ನನಗೆ ಹೇಳಿದವರು ಅವರೇ. ಆ ಸಂದರ್ಶನಗಳ ಅಂಕಣಕ್ಕೆ 'ಎದುರು ಮಾತು' ಎಂದು ಹೆಸರಿಟ್ಟವರೂ ಅವರೇ. "ಹೆಣ್ಣುಮಕ್ಕಳಿಗೆ ಎದುರು ಮಾತಾಡಬ್ಯಾಡ ಅಂತ ಬೈತಾರ. ನೀನು ಅದನ್ನ ನೌಕರಿ ಮಾಡ್ಕೋ" ಎಂದರು. ಸಿರುಗುಪ್ಪದ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ದೂರದ ವಿಯೆಟ್ನಾಮಿನ ಯುದ್ಧದ ಬಗ್ಗೆ ನನ್ನ ಮುಂದೆ ಎರಡು ಗಂಟೆ ಮಾತಾಡಿದರು. ಬಳ್ಳಾರಿಯ ವೈದ್ಯರೊಬ್ಬರು, ಪತ್ರಿಕೆಗಳಿಗೆ ಸರ್ಕಾರಿ ಜಾಹೀರಾತು ಹೇಗೆ ಬಾಯಿಬೀಗವಾಗುತ್ತದೆ ಎಂದು ವಿವರಿಸಿದರು. ಯಾರ ಹತ್ತಿರ ಹೋಗುವ ಮುನ್ನವೂ ಮೇಷ್ಟ್ರದು ಒಂದೇ ಬುದ್ಧಿಮಾತು: "ಅವ್ರು ಏನು ಹೇಳ್ತಾರ ಬರಕೋ. ಏನು ಹೇಳದ ಬಿಟ್ರು ಅನ್ನೋದನ್ನೂ ಬರಕೋ."

ತರಗತಿಯಲ್ಲಿ ಅವರು ಹೇಗಿದ್ದರೆಂದು ನೋಡುವ ಭಾಗ್ಯವೂ ಒಮ್ಮೆ ಸಿಕ್ಕಿತು. ಪಕ್ಕದ ಪ್ರೈಮರಿ ಶಾಲೆಯ ಮಕ್ಕಳಿಗೆ ಆಗ ಅಮೆರಿಕದಿಂದ ಬಂದ ರವೆಯ ಹಳದಿ ಉಪ್ಪಿಟ್ಟು ಕೊಡುತ್ತಿದ್ದರು. ಮೇಷ್ಟ್ರು ಅದರ ಖಾಲಿ ಚೀಲವೊಂದನ್ನು ತಂದು ಹಲಗೆಗೆ ನೇತುಹಾಕಿ, ಇದನ್ನು ಕಳಿಸಿದವರು ಯಾಕೆ ಕಳಿಸಿದರು ಎಂದು ಕೇಳಿದರು. ನಮ್ಮ ಮೇಲಿನ ಪ್ರೀತಿಗೆ ಎಂದು ಮಕ್ಕಳು ಒಕ್ಕೊರಲಿನಿಂದ ಕೂಗಿದರು.

"ಇರಬಹುದು. ಹಸದವರಿಗೆ ಉಣ್ಣಾಕ ಕೊಟ್ರ ಪುಣ್ಯಾನ. ಆದ್ರ ನಿಮ್ಮವ್ವ ರೊಟ್ಟಿ ಕೊಡೋವಾಗ ರೊಟ್ಟಿ ಮ್ಯಾಲೆ ತನ್ನ ಕೈ ಚಿತ್ರ ಹೊಡಸ್ತಾಳೇನು?" ಎಂದು ಚೀಲದ ಮೇಲೆ ಅಚ್ಚಾಗಿದ್ದ, ಒಂದನ್ನೊಂದು ಹಿಡಿದ ಎರಡು ಕೈಗಳನ್ನು ತೋರಿಸಿದರು. "ವಿದೇಶಾಂಗ ನೀತಿ ಅಂದ್ರ ದಿಲ್ಲ್ಯಾಗ ಇರೋ ವಸ್ತು ಅಲ್ಲ. ನಿಮ್ಮ ತಮ್ಮ ತಂಗೇರ ತಟ್ಟ್ಯಾಗ ಐತಿ. ಉಣ್ರಿ. ಉಂಡು ಕೇಳ್ರಿ."

ಇಂಥ ಪಾಠ ಶಾಲೆಯ ಕಮಿಟಿಯವರಿಗೆ ಪಥ್ಯವಾಗಲಿಲ್ಲ. ಆರು ವರ್ಷವಾದರೂ ಮೇಷ್ಟ್ರ ನೌಕರಿ ಟೆಂಪರ್ವರಿಯಾಗಿಯೇ ಉಳಿದಿತ್ತು. ಎಪ್ಪತ್ತನಾಲ್ಕರ ಜೂನ್ ತಿಂಗಳಲ್ಲಿ ಕಮಿಟಿ ಕೂಡಿ, ಅವರನ್ನು ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ತೀರ್ಮಾನಿಸುವುದಿತ್ತು. ಅದಕ್ಕೆ ಸರಿಯಾಗಿ ಮೇ ತಿಂಗಳಲ್ಲಿ ರಾಜಸ್ಥಾನದ ಮರಳಿನಲ್ಲಿ ನಮ್ಮ ದೇಶ ಅಣುಸ್ಫೋಟ ನಡೆಸಿತು. ಬ್ರೂಸ್‌ಪೇಟೆಯಲ್ಲಿ ಪೇಡೆ ಹಂಚಿದರು. ಎಲ್ಲ ಪತ್ರಿಕೆಗಳೂ ಒಂದೇ ಬಾಯಿಂದ ಹೊಗಳಿದವು. ಅಲ್ಲವೆನ್ನುವವರು ಯಾರೆಂದು ಯೋಚಿಸಿ ನಾನು ಕುರುಗೋಡಿನ ಬಸ್ಸು ಹತ್ತಿದೆ.

ಮನೆಯ ಮುಂದಿನ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂತೆವು. ಅವರ ಹೆಂಡತಿ ಫಾತಿಮಾಬೀ ಚಹಾ ತಂದಿಟ್ಟು, "ಇವ್ರಿಗೆ ಮಾತಾಡಸಾಕ ಬರ್ತಿ. ಒಂದಿನ ಸುಮ್ನ ಕುಂದ್ರೋದನ್ನೂ ಕಲಿಸಿ ಹೋಗವ್ವ" ಎಂದರು. ಮೇಷ್ಟ್ರು ನಕ್ಕು ಮಾತು ಶುರು ಮಾಡಿದರು. "ಬರಕೋ. ಈ ಬಾಂಬು ಶಾಂತಿ ಸಲುವಾಗಿ ಅಂತ. ಇದ್ರಿಂದ ನಮ್ಮ ದೇಶಕ್ಕ ಮರ್ಯಾದಿ ಬಂತಂತ. ಇನ್ನ ಮ್ಯಾಲೆ ನಮ್ಮನ್ನ ಯಾರೂ ಅಂಜಸಂಗಿಲ್ಲಂತ." ಅಲ್ಲಿಂದ ಮುಂದೆ ಒಂದು ತಾಸು, ಶಾಂತಿ ಎಂಬ ಪದ ಬಾಂಬಿನ ಮೈಮೇಲೆ ಹೇಗೆ ಬಂದು ಕೂತಿತು, ರೇಷನ್ ಅಂಗಡಿಯ ಸಾಲು ಮೊದಲ ಪುಟದಿಂದ ಹೇಗೆ ಮಾಯವಾಯಿತು ಎಂದು ಬಿಡಿಸಿ ಹೇಳಿದರು.

ನಾನು ಬಳ್ಳಾರಿಗೆ ಬಂದು ಅದನ್ನೆಲ್ಲ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿದೆ. ಗೋಡೆಯ ಮೇಲೆ ರಟ್ಟು ಇತ್ತು. ಕೈ ತನ್ನ ಪಾಡಿಗೆ ತಾನು 'ಅಂತ'ಗಳನ್ನು ಹೊಡೆದುಹಾಕಿತು. ಅಚ್ಚಿಗೆ ಹೋಗುವ ಹೊತ್ತಿಗೆ ಸೀರೆ ಅಂಗಡಿಯ ಜಾಹೀರಾತು ಬಂದು ಅಂಕಣ ಮೊದಲ ಮೂರು ವಾಕ್ಯಕ್ಕೇ ನಿಂತಿತು. ಉಳಿದದ್ದು ಮುಂದಿನ ವಾರಕ್ಕೆ ಎಂದು ಅಪ್ಪ ಎತ್ತಿಟ್ಟರು. ಶುಕ್ರವಾರದ ಪತ್ರಿಕೆಯಲ್ಲಿ ಖಾದರ್ ಬಾಷಾ ಅವರ ಹೆಸರಿನ ಕೆಳಗೆ ಜನ ಓದಿದ್ದು ಹೀಗಿತ್ತು: 'ಈ ಬಾಂಬು ಶಾಂತಿಗಾಗಿ. ಇದರಿಂದ ನಮ್ಮ ದೇಶಕ್ಕೆ ಮರ್ಯಾದೆ ಬಂದಿದೆ. ಇನ್ನು ಮುಂದೆ ನಮ್ಮನ್ನು ಯಾರೂ ಹೆದರಿಸಲಾರರು.'

ಸೋಮವಾರ ಮೇಷ್ಟ್ರು ಪ್ರೆಸ್ಸಿಗೆ ಬಂದರು. ಮೇಜಿನ ಮೇಲೆ ಪತ್ರಿಕೆ ಹರಡಿದರು. ಕೆಂಪು ಸುತ್ತುಗಳು ಮೂರೇ ಇದ್ದವು, ಮೂರೂ ಖಾಲಿ ಜಾಗದ ಮೇಲೆ. ಒಂದೊಂದು ವಾಕ್ಯ ಮುಗಿದ ಕಡೆ, ಅಕ್ಷರವೇ ಇಲ್ಲದಲ್ಲಿ ಒಂದೊಂದು ಸುತ್ತು.

"ಮೂರು 'ಅಂತ' ಕಳದಾವವ್ವ. ನಿಮ್ಮ ಪ್ರೆಸ್ಸಿನ್ಯಾಗ ಎಲ್ಲೆರ ಬಿದ್ದಾವೇನು ನೋಡು" ಎಂದರು.

ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಅಳು ಬಂತು. ಅವರು ನನ್ನನ್ನು ಬೈಯಲಿಲ್ಲ. ಗೋಡೆಯ ರಟ್ಟನ್ನು ನೋಡಿ, "ತಪ್ಪು ನಂದೂ ಐತಿ. 'ಅಂತ' ಅನ್ನೋದನ್ನ ಬರದು ಅಲ್ಲಿಗೇ ಬಿಡಬ್ಯಾಡ್ರಿ, ಹೋಗಿ ನೋಡ್ರಿ ಅಂತ ಹೇಳಾಕ ಅವತ್ತು ಬಂದಿದ್ದೆ. ನೀವು ನೋಡೋದನ್ನ ಬಿಟ್ಟು 'ಅಂತ' ಅನ್ನೋದನ್ನ ತೆಗದ್ರಿ. 'ಅಂತ' ತೆಗದ್ರ ಸುದ್ದಿ ಖರೇ ಆಗಂಗಿಲ್ಲ, ಸುಳ್ಳು ಖಾಯಂ ಆಗ್ತೈತಿ" ಎಂದರು.

ಖಾಯಂ ಎಂಬ ಮಾತು ಬಂದ ಕೂಡಲೇ ಅಪ್ಪ ಕುರ್ಚಿ ಎಳೆದು ಅವರ ಹತ್ತಿರ ಕೂತರು. "ಮೇಷ್ಟ್ರ, ಕಮಿಟಿಯವ್ರು ಏನಂದ್ರು?"

"ಅಧ್ಯಕ್ಷರು ನಿನ್ನಿ ಮನಿಗೆ ಬಂದಿದ್ರು. ಆರು ವರ್ಷದಾಗ ಮೊದಲ್ನೇ ಸಲ ನಮ್ಮನಿ ಚಾ ಕುಡದ್ರು. ಹಾರ ತಂದಿದ್ರು. 'ಮೇಷ್ಟ್ರ, ನೀವೂ ನಮ್ಮವ್ರ ಅಂತ ಈಗ ಗೊತ್ತಾತು. ನಿಮ್ಮ ಆರ್ಡರ್ ಜೂನಿಗೆ ಬರ್ತೈತಿ' ಅಂದ್ರು." ಮೇಷ್ಟ್ರು ಪತ್ರಿಕೆ ಮಡಚಿದರು. "ಇಷ್ಟು ದಿನ ನಾನು ಯಾರವ ಇದ್ದೆ ಅಂತ ಕೇಳಬೇಕಂತ ನಾಲಿಗಿ ತುದಿಗೆ ಬಂದಿತ್ತು. ಕೇಳಲಿಲ್ಲ. ಇನ್ನೊಂದ್ ಕಪ್ಪು ಚಾ ಹಾಕಿ ಕೊಟ್ಟೆ."

"ಹಂಗಾದ್ರ ನನ್ನ ಮಾತು ಕೇಳ್ರಿ" ಎಂದರು ಅಪ್ಪ. "ತಪ್ಪು ನಮ್ದು, ಒಳ್ಳೇದು ನಿಮಗ. ಜೂನ್ ತಿಂಗಳೊಂದು ಕಳೀಲಿ. ಆರ್ಡರ್ ಕೈಗೆ ಬಂದ ಮ್ಯಾಲೆ ಎಷ್ಟು ಬೇಕಾದ್ರೂ 'ಅಂತ' ಹಾಕೋಣು."

ಮೇಷ್ಟ್ರು ನಾನು ತಂದಿಟ್ಟ ಚಹಾ ಎತ್ತಿಕೊಂಡು, ಕುಡಿಯದೆ ಮತ್ತೆ ಇಟ್ಟರು.

"ಅಂಜಿಕಿ ಐತವ್ವ" ಎಂದರು. "ಇದು ನಂದ ಅಂಜಿಕಿ. ಇದಕ್ಕ 'ಅಂತ' ಹಚ್ಚೋದು ಬ್ಯಾಡ. ಆದ್ರ ಸಾಲಿ ಸೂಟಿ ಇದ್ರೂ ಹುಡುಗರು ಪೇಪರ್ ಹಿಡಕೊಂಡು ಮನಿ ಮುಂದ ಕುಂತಾವ. 'ಸರ್, ಇದು ನೀವು ಹೇಳಿದ್ದು ಖರೇನ?' ಅಂತ ಒಂದು ಹುಡುಗಿ ಕೇಳಿದ್ಲು. ಅಕೀಗೆ ಜೂನ್ ತನಕ ನಿಂದ್ರು ಅಂತ ಹೆಂಗ ಹೇಳ್ಲಿ?"

ಮುಂದಿನ ಶುಕ್ರವಾರ ಮೊದಲ ಪುಟದ ನೆತ್ತಿಯ ಮೇಲೆ ನಾನೇ ಬರೆದೆ: 'ಕಳೆದ ವಾರದ ಸಂದರ್ಶನದಲ್ಲಿ ಮೂರು ವಾಕ್ಯಗಳ ಕೊನೆಗೆ "ಅಂತ" ಎಂಬುದು ನಮ್ಮ ತಪ್ಪಿನಿಂದ ಬಿಟ್ಟುಹೋಗಿದೆ. ಓದುಗರು ಸೇರಿಸಿಕೊಂಡು ಮತ್ತೊಮ್ಮೆ ಓದಬೇಕು.' ಕೆಳಗೆ ಉಳಿದ ಸಂದರ್ಶನವನ್ನು ಪೂರ್ತಿ ಹಾಕಿದೆವು. ಜನ ನಿಜಕ್ಕೂ ಹಳೆಯ ಸಂಚಿಕೆ ಹುಡುಕಿ ತೆಗೆದು ಓದಿದರು. ಬ್ರೂಸ್‌ಪೇಟೆಯ ಅಂಗಡಿಗಳಲ್ಲಿ ಒಬ್ಬ ವಾಕ್ಯ ಓದುವುದು, ಉಳಿದವರು ಸೇರಿ 'ಅಂತ' ಎನ್ನುವುದು, ಬಿದ್ದು ಬಿದ್ದು ನಗುವುದು. ಬೈದು ಬರೆದ ಕಾಗದಗಳೂ ಬಂದವು. ಅವನ್ನೂ ಹಾಕಿದೆವು. ಅಪ್ಪ ಏಣಿ ಹತ್ತಿ ರಟ್ಟನ್ನು ಕಿತ್ತು ತೆಗೆದರು.

ಜೂನಿನಲ್ಲಿ ಕಮಿಟಿ ಕೂಡಿತು. ಚರಿತ್ರೆಗೆ ಇನ್ನೊಬ್ಬ ಮೇಷ್ಟ್ರು ಬೇಕಾಗಿಲ್ಲವೆಂದು ಎರಡು ಸಾಲಿನ ಕಾಗದ ಬಂತು. ನಾನು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನನ್ನ ಕೈಯ ಒಂದು ಗೀಟಿಗೆ ಒಂದು ಮನೆಯ ಅನ್ನ ಹೋಯಿತಲ್ಲ ಎಂಬ ಸಂಕಟ ಇವತ್ತಿಗೂ ಪೂರ್ತಿ ಆರಿಲ್ಲ.

ಆದರೆ 'ಎದುರು ಮಾತು' ಓದುತ್ತಿದ್ದ ಸಿರುಗುಪ್ಪದ ಭತ್ತದ ಮಿಲ್ಲಿನ ಮಾಲೀಕರೊಬ್ಬರು ಹೇಳಿ ಕಳಿಸಿದರು. ಮಿಲ್ಲಿನ ಹಿಂದೆ ಒಂದು ಉದ್ದನೆಯ ಕೋಣೆ ಖಾಲಿ ಇದೆ, ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಪಾಠ ಹೇಳಿರಿ ಎಂದು. ಮೇಷ್ಟ್ರು ಸಂಸಾರ ಸಮೇತ ಹೋದರು. ತವುಡಿನ ವಾಸನೆಯ ಆ ಕೋಣೆಯ ಕರಿಹಲಗೆಯ ಮೇಲೆ ನಡುವೆ ಒಂದು ಗೆರೆ. ಎಡಕ್ಕೆ 'ಕಂಡದ್ದು', ಬಲಕ್ಕೆ 'ಅಂತ'. ದಿನಾ ಬೆಳಿಗ್ಗೆ ಒಬ್ಬರು ಪತ್ರಿಕೆ ಓದಬೇಕು, ಉಳಿದವರು ಒಂದೊಂದು ವಾಕ್ಯ ಯಾವ ಕಡೆಗೆ ಸೇರಬೇಕೆಂದು ಹೇಳಬೇಕು. ನಂತರವೇ ಪರೀಕ್ಷೆಯ ಪಾಠ. ಫೇಲಾಗಿ ಬಂದವರು ಪಾಸಾಗಿ ಹೋದರು. ಕೆಲವರು ಪಾಸಾದ ಮೇಲೂ ಬೆಳಗಿನ ಪತ್ರಿಕೆಗೆ ಬರುತ್ತಿದ್ದರು. ಸಿರುಗುಪ್ಪದ ಆಫೀಸುಗಳಲ್ಲಿ ಗುಮಾಸ್ತರು, "ಬಾಷಾ ಮೇಷ್ಟ್ರ ಹುಡುಗ್ರು ಬಂದಾರ, ಕಾಗದ ತೋರಿಸಿ ಮಾತಾಡ್ರಿ" ಎಂದು ಒಬ್ಬರಿಗೊಬ್ಬರು ಎಚ್ಚರಿಸುತ್ತಿದ್ದರಂತೆ. ಇದು ಅಂತೆಯೇ. ನಾನು ಕಂಡದ್ದಲ್ಲ.

ಎಂಬತ್ತರ ದಶಕದ ನಡುವೆ, ಅಪ್ಪ ತೀರಿಕೊಂಡು ಪತ್ರಿಕೆ ನನ್ನ ಕೈಗೆ ಬಂದಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ಫೋನ್ ಬಂತು. "ಸಿರುಗುಪ್ಪದ ಬಾಷಾ ಮೇಷ್ಟ್ರು ಹೋದ್ರಂತ." ಕಂಪೋಸಿಟರ್ ಸುದ್ದಿ ಜೋಡಿಸಲೇ ಎಂದು ಕೇಳಿದ. ಬೇಡ ಎಂದೆ. ಆ 'ಅಂತ' ಒಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬಸ್ಸು ಹತ್ತಿದೆ.

ಮಿಲ್ಲಿನ ಹಿಂದಿನ ಬಾಗಿಲಲ್ಲಿ ಪಾಠಕ್ಕೆ ಬಂದಿದ್ದ ಎರಡು ಜಡೆಯ ಹುಡುಗಿಯೊಬ್ಬಳು ನಿಂತಿದ್ದಳು. ಮೇಷ್ಟ್ರು ಹೋದರಂತೆ ಎಂದೆ. ಅವಳು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಯಾರು ಹೇಳಿದ್ರು ಅಕ್ಕಾರ? ಅವ್ರು ನೋಡಿದ್ರೇನು?" ಎಂದಳು. ನನಗೆ ಅಲ್ಲೇ ನಗುವೂ ಅಳುವೂ ಒಟ್ಟಿಗೆ ಬಂದವು.

ಹೋದವರು ಪೇಟೆಯ ಟೇಲರ್ ಮಾಸ್ಟರ್ ಬಾಷಾ. ಮಾಸ್ಟರು ಮೇಷ್ಟ್ರಾಗಿ ಬಳ್ಳಾರಿ ತಲುಪಿದ್ದರು. ನಮ್ಮ ಬಾಷಾ ಮೇಷ್ಟ್ರು ಆಗ ತಾನೇ ಅವರನ್ನು ಮಣ್ಣು ಮಾಡಿ ಬಂದು ಬೇಸರದಿಂದ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ನೋಡಾಕ ಬಂದೆಲ್ಲ, ಬರೀಲಿಲ್ಲಲ್ಲ. ಇಷ್ಟು ಸಾಕು. ಕುಂದ್ರು, ಸತ್ತವನ ಕೂಡ ಒಂದು ಕಪ್ಪು ಚಾ ಕುಡಿ" ಎಂದರು.

ಹತ್ತು ವರ್ಷದಿಂದ ಗಂಟಲಲ್ಲಿದ್ದ ಪ್ರಶ್ನೆಯನ್ನು ಅಂದು ಕೇಳಿಬಿಟ್ಟೆ. "ಸರ್, ಆ ತಿದ್ದುಪಡಿ ಹಾಕದೆ ಬಿಟ್ಟಿದ್ರ ಚಲೋ ಇತ್ತು ಅಂತ ಯಾವತ್ತರ ಅನಿಸೈತೇನ್ರಿ?"

ಅವರು ಒಳಗಿದ್ದ ಫಾತಿಮಾಬೀಯ ಕಡೆ ಕಣ್ಣು ಹಾಯಿಸಿ, ತುಂಟ ಹುಡುಗನ ಮುಖ ಮಾಡಿಕೊಂಡರು.

"ಖಾಯಂ ಆಗಿದ್ರ ಚಲೋ ಇತ್ತಂತ" ಎಂದರು.

ಬಾಗಿಲಲ್ಲಿ ಆ ಹುಡುಗಿ ಕಿಸಕ್ಕನೆ ನಕ್ಕಳು. ಕರಿಹಲಗೆಯ ಬಲಭಾಗದ 'ಅಂತ'ದತ್ತ ಕೈ ತೋರಿಸುತ್ತಿದ್ದಳು.

ಮರುವರ್ಷ ಬೇಸಿಗೆಯಲ್ಲಿ ಮತ್ತೊಂದು ಫೋನ್ ಬಂತು. ಮತ್ತೆ ಅದೇ ಬಸ್ಸು ಹತ್ತಿದೆ. ಬಾಗಿಲಲ್ಲಿ ಅದೇ ಹುಡುಗಿ ನಿಂತಿದ್ದಳು. ಈ ಸಲ ಅವಳು ನನ್ನನ್ನು ಏನೂ ಕೇಳಲಿಲ್ಲ. ಒಳಗೆ ಹೋಗಿ ನೋಡಿದೆ. ಬಳ್ಳಾರಿಗೆ ಬಂದು, 'ಬಾಷಾ ಮೇಷ್ಟ್ರು ತೀರಿಕೊಂಡರು' ಎಂದು ಬರೆದು ಪೂರ್ಣವಿರಾಮ ಹಾಕಿದೆ. ಅಂದು ನಾನು ಹೊಡೆದುಹಾಕಿದ ಮೂರು 'ಅಂತ'ಗಳಲ್ಲಿ ಒಂದನ್ನಾದರೂ ಈ ದಿನಕ್ಕೆಂದು ಉಳಿಸಿಟ್ಟುಕೊಂಡಿದ್ದರೆ ಎಂದುಕೊಂಡು, ಬಹಳ ಹೊತ್ತು ಆ ವಾಕ್ಯವನ್ನು ನೋಡುತ್ತ ಕೂತಿದ್ದೆ.