ಗಣಿತದ ಮೇಷ್ಟ್ರ ಚಿತ್ರಾನ್ನ

ನನ್ನ ಹೆಂಡತಿ ರಮಾ ನರ್ಸ್. ಕೆಲವು ವರ್ಷಗಳ ಹಿಂದೆ ಅವಳಿಗೆ ಅರೇಹಳ್ಳಿಗೆ ವರ್ಗವಾಯಿತು. ಅರಸೀಕೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವ ದೂರವಲ್ಲ. ಅಲ್ಲೇ ಒಂದು ರೂಮು ಹಿಡಿದಳು, ಶನಿವಾರ ಸಂಜೆ ಮನೆಗೆ ಬರುತ್ತಿದ್ದಳು. ಉಳಿದ ದಿನ ಅಡುಗೆಮನೆ ನನ್ನ ಪಾಲಿಗೆ ಬಂತು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅಲ್ಲಿಯವರೆಗೆ ನಾನು ಅಡುಗೆಮನೆಗೆ ಹೋಗುತ್ತಿದ್ದದ್ದು ನೀರು ಕುಡಿಯಲು ಮಾತ್ರ. ಅದಕ್ಕೂ ಲೋಟ ಎಲ್ಲಿದೆ ಎಂದು ಕೂಗಿ ಕೇಳುತ್ತಿದ್ದೆ.

ಮೊದಲ ವಾರ ಹೋಟೆಲಿನಲ್ಲಿ ತಿಂದೆ. ಹೊಟ್ಟೆ ಕೆಟ್ಟಿತು, ಜೇಬು ಹಗುರಾಯಿತು. ಕೊನೆಗೆ ರಮಾ ಫೋನಿನಲ್ಲೇ ಪಾಠ ಮಾಡಿದಳು. "ರೀ, ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು. ಕುಕ್ಕರ್ ಮೂರು ಸಲ ಕೂಗಿದ್ಮೇಲೆ ಆರಿಸಿ. ಇಷ್ಟು ಬಂದ್ರೆ ಬದುಕ್ಕೊಳ್ತೀರ."

ಇಷ್ಟು ಬಂತು. ಆದರೆ ಬಿಳಿ ಅನ್ನವನ್ನು ಬರೀ ಉಪ್ಪಿನಕಾಯಿ ನಂಚಿಕೊಂಡು ಎಷ್ಟು ದಿನ ತಿನ್ನುವುದು? ಸಾರು ಮಾಡುವ ಧೈರ್ಯವಿರಲಿಲ್ಲ. ಹಗರೆಯಲ್ಲಿರುವ ನಮ್ಮತ್ತೆ ಚಲುವಮ್ಮನವರಿಗೆ ಫೋನ್ ಮಾಡಿದೆ.

"ಅನ್ನ ಆದ್ಮೇಲೆ ಇನ್ನೇನು ಯೋಚ್ನೆ?" ಅಂದರು. "ಒಗ್ಗರಣೆ ಹಾಕಿ ನಿಂಬೆಹಣ್ಣು ಹಿಂಡಿ. ನಾಳಿಕ್ಕೆ ಕಾಯಿ ತುರಿದು ಕಲಸಿ. ಮಿಕ್ಕಿದ್ದನ್ನ ಅಕ್ಕಿಹಿಟ್ಟಿಗೆ ಹಿಸುಕಿ ರೊಟ್ಟಿ ತಟ್ಟಿ. ಅಷ್ಟೇ ಕಣಪ್ಪ."

ತೆಂಗಿನಕಾಯಿಗೆ ನಮ್ಮೂರಿನಲ್ಲಿ ಕೊರತೆಯಿಲ್ಲ. ಕಾಯನ್ನ, ನಿಂಬೆ ಚಿತ್ರಾನ್ನ, ಟೊಮೆಟೊ ಅನ್ನ, ರೊಟ್ಟಿ ಎಂದು ವಾರ ಸಲೀಸಾಗಿ ಉರುಳತೊಡಗಿತು. ಅಷ್ಟಕ್ಕೇ ನನ್ನ ತಲೆ ತಿರುಗಿತು. ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ, ಇಷ್ಟು ಸುಲಭದ ಕೆಲಸವನ್ನು ಹೆಂಗಸರು ಯಾಕೆ ಅಷ್ಟು ದೊಡ್ಡದು ಮಾಡುತ್ತಾರೋ ಎಂದು ಭಾಷಣ ಬಿಗಿದೆ. ಸಹೋದ್ಯೋಗಿ ಶಶಿಧರ್ ಒಂದು ಚಮಚ ತಿಂದು "ಚೆನ್ನಾಗಿದೆ ಸಾರ್" ಅಂದರು. ಪಾಪ, ವಯಸ್ಸಿನಲ್ಲಿ ಕಿರಿಯರು, ಬೇರೇನು ಹೇಳಿಯಾರು?

ಆ ವರ್ಷದ ಬುದ್ಧ ಪೂರ್ಣಿಮೆಗೆ ಹಗರೆಗೆ ಹೋದೆವು. ಸಮುದಾಯ ಭವನದಲ್ಲಿ ಎಲ್ಲರಿಗೂ ಊಟ. ಅಡುಗೆಯವನು ಯಾವುದೋ ಮದುವೆಗೆ ಹೋಗಿಬಿಟ್ಟಿದ್ದ. ಪಾಯಸವನ್ನು ಹೆಂಗಸರು ಒಪ್ಪಿಕೊಂಡರು. "ಮಾವಿನಕಾಯಿ ಚಿತ್ರಾನ್ನ ನನಗೆ ಬಿಡಿ" ಎಂದು ನಾನು ಎದ್ದು ನಿಂತೆ.

ರಮಾ ಪಕ್ಕಕ್ಕೆ ಕರೆದಳು. "ರೀ, ನಿಮ್ಮೊಬ್ಬರಿಗೆ ಮಾಡೋದು ಬೇರೆ, ಊರಿಗೆಲ್ಲ ಮಾಡೋದು ಬೇರೆ."

"ತ್ರೈರಾಶಿಕ ಕಣೇ. ಅಕ್ಕಿ ಎಷ್ಟು ಪಟ್ಟೋ ನೀರೂ ಅಷ್ಟೇ ಪಟ್ಟು."

ಬೇಗ ಬೇಯಲಿ ಎಂದು ಅಕ್ಕಿಯನ್ನು ಬೆಳಿಗ್ಗೆಯೇ ನೆನೆಹಾಕಿದ್ದೆ. ನೆನೆದ ಅಕ್ಕಿಗೆ ಕಡಿಮೆ ನೀರು ಸಾಕೆಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ತಳ ಹಿಡಿಯುತ್ತದೆಂಬ ಭಯಕ್ಕೆ ಸೌಟು ಬಿಡದೆ ತಿರುವಿದೆ. ಅತ್ತ ಭವನದಲ್ಲಿ ಬುದ್ಧ ವಂದನೆ ಮುಗಿಯುವ ಹೊತ್ತಿಗೆ ಇತ್ತ ಪಾತ್ರೆಯಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಲು ಹದವಾದ ಸರಕು ತಯಾರಾಗಿತ್ತು. ಪಕ್ಕದ ಬಾಣಲೆಯಲ್ಲಿ ಮಾವಿನಕಾಯಿ ಹಾಕಿದ ಹಳದಿ ಒಗ್ಗರಣೆ ಘಮಘಮಿಸುತ್ತಿತ್ತು.

ಅತ್ತೆ ಬಂದು ಒಂದು ಅಗುಳು ಹಿಡಿಯಲು ನೋಡಿದರು. ಅಗುಳೇ ಸಿಗಲಿಲ್ಲ. "ಅಳಿಯಂದ್ರೇ, ಇದು ಚಿತ್ರಾನ್ನ ಆಗಾಕಿಲ್ಲ. ಮೊಸರನ್ನ ಮಾಡಾನ."

"ಇಷ್ಟಕ್ಕೆ ಮೊಸರು ಎಲ್ಲಿಂದ ತರೋದು ಅತ್ತೆ?"

"ಹಗರೇಲಿ ಮೊಸ್ರಿಗೇನು ಬರ? ಮನೆಮನೇಲಿ ಹಸ ಐತೆ. ಹೋಗಿ ಕೇಳ್ಕೊಂಡು ಬನ್ನಿ."

ಬಕೆಟ್ ಹಿಡಿದು ಹೊರಟೆ. ಮೊದಲ ಮನೆಯಲ್ಲಿ "ಸೆಕೆ ಜಾಸ್ತಿ, ಮಜ್ಜಿಗೆ ಮಾಡೋಣ ಅಂತ" ಎಂದು ಸುಳ್ಳು ಹೇಳಿದೆ. ಮೂರನೆಯ ಮನೆ ತಲುಪುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಮನೆಯಾಕೆ ಗಡಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಅನ್ನ ಮುದ್ದೆ ಆಯ್ತಂತಲ್ಲ ಮೇಷ್ಟ್ರೇ. ತಗಳಿ, ಗಟ್ಟಿ ಮೊಸರು." ಹಾಗೆ ಬೀದಿ ಮುಗಿಯುವವರೆಗೂ ಮೊಸರಿನ ಜೊತೆ ಒಂದೊಂದು ಮಾತು ಬಕೆಟ್ಟಿಗೆ ಬಿತ್ತು.

ಅನ್ನ ಆರಿಸಿ, ಮೊಸರು ಕಲಸಿ, ಬಿಸಾಡಲು ಮನಸ್ಸು ಬಾರದೆ ಆ ಹಳದಿ ಒಗ್ಗರಣೆಯನ್ನೂ ಅದಕ್ಕೇ ಸುರಿದೆವು. ಬಣ್ಣ ನೋಡಿ ನನಗೇ ಭಯವಾಯಿತು. ಬಡಿಸುವಾಗ ತಲೆ ಎತ್ತಲಿಲ್ಲ.

ಊರಿನ ಹಿರಿಯರಾದ ಮರಿಯಣ್ಣನವರು ಎರಡು ತುತ್ತು ತಿಂದು ನನ್ನನ್ನು ಕರೆದರು. "ಇದೇನು ಮೇಷ್ಟ್ರೇ, ಚೆನ್ನಾಗೈತಲ್ಲ. ಇಂಥದ್ದು ತಿಂದೇ ಇರ್ಲಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಅರಸೀಕೆರೆ ಕಡೆ ಬಿಸ್ಲುಗಾಲ್ದಲ್ಲಿ ಹಿಂಗೇ ಮಾಡ್ತಾರೆ" ಅಂದುಬಿಟ್ಟರು. ರಮಾ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಮರಿಯಣ್ಣನವರು ಇನ್ನೊಂದು ಸಲ ಹಾಕಿಸಿಕೊಂಡರು. ಪಾತ್ರೆ ಖಾಲಿಯಾಯಿತು.

ಮರುವರ್ಷವೂ ಅದೇ ಬೇಕೆಂದು ಹಗರೆಯಿಂದ ಕರೆ ಬಂತು. ಉಬ್ಬಿಕೊಂಡು ಹೋದೆ. ನನಗೆ ಕೊಟ್ಟದ್ದು ಮಾವಿನಕಾಯಿ ತುರಿಯುವ ಕೆಲಸ ಮಾತ್ರ. ಅನ್ನದ ಒಲೆಯ ಹತ್ತಿರ ನನ್ನನ್ನು ಸುಳಿಯಲೂ ಬಿಡದೆ, ಅತ್ತೆ ಬೇಕೆಂದೇ ನೀರು ಹೆಚ್ಚು ಹಾಕಿ ಮೆತ್ತಗೆ ಬೇಯಿಸಿದರು. ಏನೇ ಮಾಡಿದರೂ ನನ್ನಷ್ಟು ಮೆತ್ತಗೆ ಅವರಿಗೆ ಬರಲಿಲ್ಲ ಎಂದು ಇಂದಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ.